ಅಂಗಡಿ ತೆರೆದಿದ್ದರೂ ವಾರದ ರಜೆ

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೋರ್ವಳು ತಾಯಿಯೊಡನೆ ನನ್ನಲ್ಲಿಗೆ ಬಂದಿದ್ದಳು. ಪೇಟೆಯ ಜವಳಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಲು ಗುಣನಡತೆಯ ಪತ್ರ ಬೇಕಾಗಿತ್ತು. ಸಂತೋಷದಿಂದಲೇ ಬರೆದುಕೊಟ್ಟೆ. ಸಂಬಳವೆಷ್ಟು, ರಾತ್ರಿ ಮರಳಲು ಬಸ್ಸಿದೆಯೇ ಎಂದು ವಿಚಾರಿಸಿದೆನೇ ಹೊರತು ವಾರದ ರಜೆ ಯಾವ ದಿನವೆಂದು ಕೇಳಲು ನನಗೆ ತೋಚಲಿಲ್ಲ. ಮೂವತ್ತು ವರ್ಷ ಆದಿತ್ಯವಾರದ ರಜೆಯನ್ನು ಹಕ್ಕಿನಂತೆ ಅನುಭವಿಸಿದವನಿಗೆ ಅದು ಮರೆತುಹೋದದ್ದು ಆಶ್ಚರ್ಯವಲ್ಲ, ನಾಚಿಕೆಯ ವಿಷಯ.

ಈಚೆಗೆ ಆ ತಾಯಿ ಸಿಕ್ಕಿದಾಗ, ಮಗಳು ಮನೆಯ ದೈವದ ಕೋಲಕ್ಕೂ ಬರಲಿಲ್ಲವೆಂದರು. "ಈಗ ಅಂಗಡಿಗೆ ರಜೆಯೇ ಇಲ್ಲವಂತೆ ಮಾಷ್ಟ್ರೇ. ಬಾರದಿದ್ದರೆ ಆ ದಿನದ ಸಂಬಳ ಮುರಿಯುತ್ತಾರೆ."

ಅವರೆಂದುದರಲ್ಲಿ ಅರ್ಧ ಸತ್ಯವಿದೆ. ಕೇರಳದ 1960ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯಂತೆ ಹಿಂದೆ ಅಂಗಡಿಯೇ ವಾರಕ್ಕೊಂದು ದಿನ ಮುಚ್ಚಬೇಕಿತ್ತು. 2018ರ ತಿದ್ದುಪಡಿಯ ತರುವಾಯ ವಾರದ ಏಳು ದಿನವೂ ತೆರೆದಿಡಬಹುದು. ಆದರೆ ರದ್ದಾದುದು ಅಂಗಡಿಯ ರಜೆ, ನೌಕರರದ್ದಲ್ಲ. ಪ್ರತಿಯೋರ್ವರಿಗೂ ವಾರದಲ್ಲಿ ಒಂದು ಪೂರ್ಣ ದಿನದ ಬಿಡುವನ್ನು ಸರದಿಯ ಮೇಲಾದರೂ ಕೊಡತಕ್ಕದ್ದು. ಅದಕ್ಕಾಗಿ ಸಂಬಳ ಮುರಿಯಕೂಡದು. ದಿನವಿಡೀ ನಿಂತೇ ದುಡಿಯುತ್ತಿದ್ದ ಜವಳಿ ಅಂಗಡಿಯ ಹೆಂಗಸರಿಗೆ ಕುಳಿತುಕೊಳ್ಳುವ ಹಕ್ಕು ದೊರೆತದ್ದೂ ಇದೇ ತಿದ್ದುಪಡಿಯಿಂದ. ಅದರ ಹಿಂದೆ ಕೋಝಿಕ್ಕೋಡು, ತೃಶೂರುಗಳ ಮಹಿಳೆಯರ ದೀರ್ಘ ಹೋರಾಟವಿತ್ತು.

ತೊಡಕಿರುವುದು ಇಲ್ಲಿಯೇ. ಬಾಗಿಲು ಮುಚ್ಚಿದ್ದರೆ ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತಿತ್ತು. ತೆರೆದುದನ್ನು ಕಂಡವರು ದೂರಬಹುದಾಗಿತ್ತು. ಈಗ ಅಂಗಡಿ ತೆರೆದೇ ಇರುತ್ತದೆ. ಒಳಗೆ ಯಾರು ಎಷ್ಟು ವಾರ ಎಡೆಬಿಡದೆ ದುಡಿದರೆಂಬುದಕ್ಕೆ ಹಾಜರಿ ಪುಸ್ತಕವೊಂದೇ ಸಾಕ್ಷಿ. ಆ ಪುಸ್ತಕವಿರುವುದು ಮಾಲಕರ ಮೇಜಿನ ಖಾನೆಯಲ್ಲಿ!

ಮುಂಬಯಿಯ ಗಿರಣಿ ಕೆಲಸಗಾರರಿಗೆ ನಾರಾಯಣ ಮೇಘಾಜಿ ಲೋಖಂಡೆಯವರ ಪ್ರಯತ್ನದಿಂದ 1890ರ ಜೂನ್ 10ರಂದು ಆದಿತ್ಯವಾರದ ರಜೆ ದೊರೆಯಿತು. ಅದು ಖಂಡೋಬನ ವಾರವೆಂಬುದೂ ಅವರು ಮುಂದಿಟ್ಟ ಕಾರಣಗಳಲ್ಲೊಂದು. ಸೊಲ್ಲಾಪುರ, ಜತ್ತಿನ ನಮ್ಮ ಬಂಧುಗಳಿಗೆ ಆತ ಮೈಲಾರಲಿಂಗ. ಆದರೆ ಅಂಗಡಿಯ ನೌಕರರಿಗಾಗಿ ದೇಶದಲ್ಲಿ ಮೊದಲ ಕಾಯಿದೆ ಬಂದದ್ದು 1939ರಲ್ಲಿ, ಅದೂ ಮುಂಬಯಿ ಪ್ರಾಂತದಲ್ಲಿ. ಗಿರಣಿಯಲ್ಲಿ ಸಾವಿರಾರು ಮಂದಿ ಒಟ್ಟಿಗಿದ್ದರು. ಅಂಗಡಿಯಲ್ಲಿ ಇಬ್ಬರೋ ಮೂವರೋ, ಎದುರಿಗೆ ಮಾಲಕರು, ಅವರೂ ಹಲವೊಮ್ಮೆ ಊರಿನವರೇ, ನೆಂಟರೇ. ಬಾಯಿ ತೆರೆಯುವುದು ಹೇಗೆ? ಮಾಲಕರೆಲ್ಲ ನಿರ್ದಯಿಗಳೆಂದು ನಾನು ಹೇಳಲಾರೆ. ಎದುರಿನ ಅಂಗಡಿ ತೆರೆದಿರುವಾಗ ತನ್ನದನ್ನು ಮುಚ್ಚಲು ಯಾರಿಗೂ ಅಳುಕೇ.

ನಮ್ಮ ಮಂಜೇಶ್ವರದ ಕಡೆಯಿಂದ ದಿನವೂ ಮಂಗಳೂರಿಗೆ ಹೋಗಿ ದುಡಿಯುವವರು ಅನೇಕರು. ಅವರಿಗೆ ಅನ್ವಯಿಸುವುದು ಮನೆಯಿರುವ ರಾಜ್ಯದ ಕಾಯಿದೆಯಲ್ಲ, ಕೆಲಸದ ಸ್ಥಳದ್ದು; ಅಂದರೆ ಕರ್ನಾಟಕದ 1961ರ ಕಾಯಿದೆ. ತಾಳವಾಡಿ, ಹೊಸೂರಿನವರಿಗೆ ತಮಿಳುನಾಡಿನ 1947ರದ್ದು. ವಾರಕ್ಕೊಂದು ಪೂರ್ಣ ದಿನವೆಂಬುದು ಎರಡರಲ್ಲಿಯೂ ಇದೆ.

ಮಕ್ಕಳನ್ನು ಕೆಲಸಕ್ಕೆ ಕಳುಹಿಸುವ ತಂದೆತಾಯಿಯರು ಸಂಬಳದೊಡನೆ ರಜೆಯ ದಿನವನ್ನೂ ಕೇಳಿಕೊಳ್ಳಬೇಕು. ದುಡಿದ ದಿನ, ಬಿಡುವಿನ ದಿನಗಳನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲಿ. ಕೇರಳದಲ್ಲಿ ದೂರು ಕೇಳತಕ್ಕವರು ಕಾರ್ಮಿಕ ಇಲಾಖೆಯ ಸಹಾಯಕ ಕಾರ್ಮಿಕ ಅಧಿಕಾರಿ. ಅವರೆದುರು ದಿನಾಂಕ ಬರೆದಿಟ್ಟ ಕಾಗದಕ್ಕೆ ಬಾಯಿಮಾತಿಗಿಂತ ಹೆಚ್ಚು ತೂಕವಿದೆ.

ಇಷ್ಟೆಲ್ಲ ಹೇಳಿದಾಗ ಆ ತಾಯಿ ಕೇಳಿದರು: "ಕೇಳಿದ್ದಕ್ಕೆ ಕೆಲಸದಿಂದಲೇ ತೆಗೆದರೆ?" ಆ ಭಯ ಸುಳ್ಳೆಂದು ಹೇಳುವ ಧೈರ್ಯ ನನಗಾಗಲಿಲ್ಲ. ಒಬ್ಬಳೇ ಕೇಳುವುದು ಬೇಡ, ಜತೆಯವರು ನಾಲ್ವರು ಸೇರಿ ಕೇಳಲಿ ಎಂದೆ. ಹಾಗೆಯೇ ಕೇಳಿದರಂತೆ. ಈಗ ಅವಳಿಗೆ ಮಂಗಳವಾರ ರಜೆ. ಕೋಲವಂತೂ ಇನ್ನು ಬರುವ ವರ್ಷವೇ.