ಹಳದಿ ದೀಪ ಹತ್ತಿದ ಮೇಲೆ

‘ಅಣ್ಣಾ, ಗಾಡಿ ಬಿಸಿಯಾದ್ರೆ ಆಫ್ ಆಗ್ತಿದೆ. ಒಂದು ಟೀ ಕುಡಿದು ಬರೋವಷ್ಟು ಹೊತ್ತು ಬಿಟ್ರೆ ಮತ್ತೆ ಸ್ಟಾರ್ಟ್ ಆಗತ್ತೆ.’ ಬೈಕ್ ಗ್ಯಾರೇಜುಗಳಲ್ಲಿ ಈಚೆಗೆ ಮತ್ತೆ ಮತ್ತೆ ಕಿವಿಗೆ ಬೀಳುವ ದೂರು ಇದು. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ, ಬ್ಯಾಟರಿ ಚೆನ್ನಾಗಿದೆ, ಪ್ಲಗ್ ಹೊಸದು ಹಾಕಿಸಿದ್ದೂ ಆಗಿದೆ. ಗ್ಯಾರೇಜಿನ ಮುಂದೆ ತಂದು ನಿಲ್ಲಿಸಿದರೆ ಒಂದೇ ಸೆಲ್ಫಿಗೆ ಎಂಜಿನ್ ಏಳುತ್ತದೆ, ಐಡ್ಲಿಂಗ್ ಸಲೀಸು, ಪಿಕಪ್ಪಿಗೂ ಕೊರತೆಯಿಲ್ಲ. ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಆಗೊಮ್ಮೆ ಹತ್ತಿತ್ತು, ಈಗ ಇಲ್ಲ. ಇಂಥ ಗಾಡಿಯ ತೊಂದರೆ ಎಲ್ಲಿದೆ ಎಂದು ಹುಡುಕುವುದು ಇವತ್ತು ಒಂದು ಬೇರೆಯೇ ಕಸುಬಾಗಿ ಬೆಳೆದಿದೆ. ಕಂಪನಿಯ ಸರ್ವಿಸ್ ಸೆಂಟರುಗಳಲ್ಲಿ ಮಾತ್ರವಲ್ಲ, ಶಟರ್ ಅಂಗಡಿಯಷ್ಟೇ ಅಗಲದ ಗ್ಯಾರೇಜುಗಳಲ್ಲೂ ಇದು ಬೆಳೆದಿದೆ. ಅದಕ್ಕೇ ಈ ಕಸುಬಿನ ಮೇಲೆ ನನಗೆ ಗೌರವ ಹೆಚ್ಚು.

ಕಾರ್ಬೋರೇಟರಿನ ಕಾಲದಲ್ಲಿ ಕಿವಿ, ಮೂಗು, ಬೆರಳು ಇಷ್ಟಿದ್ದರೆ ಅರ್ಧ ಕೆಲಸ ಮುಗಿಯುತ್ತಿತ್ತು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳ ಮೇಲೆ ಕೈ ಪಳಗಿಸಿಕೊಂಡವರು ಸೈಲೆನ್ಸರಿನ ಸದ್ದು ಕೇಳಿಯೇ ಪಾಯಿಂಟ್ ಗ್ಯಾಪ್ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಹೇಳುತ್ತಿದ್ದರು. 2006ರಲ್ಲಿ ಹೀರೋ ಹೋಂಡಾ ಗ್ಲಾಮರ್ ಎಫ್‌ಐ ಬಂದಾಗ ಕಾರ್ಬೋರೇಟರಿನ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಷನ್ ಗಾಡಿ ಎಂಬುದು ಅಪರೂಪದ ವಸ್ತು. 2009ರಲ್ಲಿ ರಾಯಲ್ ಎನ್‌ಫೀಲ್ಡಿನ ಕ್ಲಾಸಿಕ್ 500 ಕೂಡ ಇಂಜೆಕ್ಷನ್ನಿನೊಂದಿಗೇ ಬಂತು. ಆದರೂ ಬಹುಪಾಲು ಗಾಡಿಗಳು ಕಾರ್ಬೋರೇಟರಿನಲ್ಲೇ ಓಡಿದವು. 2020ರ ಏಪ್ರಿಲ್ 1ರಂದು ಹೊಗೆ ಮಾಲಿನ್ಯದ ಬಿಎಸ್6 ನಿಯಮ ಜಾರಿಯಾದದ್ದೇ ತಡ, ನೂರು ಸಿಸಿಯ ಗಾಡಿಗೂ ಇಂಜೆಕ್ಟರ್, ಸೆನ್ಸರು, ಇವನ್ನು ನಡೆಸುವ ಪುಟ್ಟ ಕಂಪ್ಯೂಟರ್ ಆದ ಇಸಿಯು ಬಂದವು. ಅದೇ ಹೊತ್ತಿಗೆ ಲಾಕ್‌ಡೌನ್. ಗ್ಯಾರೇಜು ತೆರೆದಾಗ ಎದುರಿಗೆ ನಿಂತದ್ದು ಹೊಸ ತಲೆಮಾರಿನ ಎಂಜಿನ್.

ಈ ಎಂಜಿನ್ನಿನ ಏರ್ಪಾಡು ಹೀಗಿದೆ. ಆಕ್ಸಿಲರೇಟರ್ ಎಷ್ಟು ತಿರುಗಿದೆ ಎಂದು ಹೇಳಲು ತ್ರಾಟಲ್ ಸೆನ್ಸರ್, ಒಳಹೋಗುವ ಗಾಳಿಯ ಒತ್ತಡಕ್ಕೆ ಮ್ಯಾಪ್ ಸೆನ್ಸರ್, ಆ ಗಾಳಿಯ ಉಷ್ಣತೆಗೆ ಒಂದು, ಎಂಜಿನ್ನಿನ ಬಿಸಿಗೆ ಇನ್ನೊಂದು. ಸೈಲೆನ್ಸರ್ ಬೆಂಡಿನಲ್ಲಿ ಆಕ್ಸಿಜನ್ ಸೆನ್ಸರ್. ಗಾಡಿ ಬಿದ್ದರೆ ಎಂಜಿನ್ ನಿಲ್ಲಿಸಲು ವಾಲಿಕೆಯ ಸೆನ್ಸರ್. ಮ್ಯಾಗ್ನೆಟ್ಟಿನ ಪಕ್ಕದಲ್ಲಿ ಕ್ರ್ಯಾಂಕ್ ಸೆನ್ಸರ್, ಗ್ಯಾರೇಜಿನ ಮಾತಿನಲ್ಲಿ ಪಲ್ಸರ್ ಕಾಯಿಲ್. ಇವೆಲ್ಲ ಕಳಿಸುವ ವೋಲ್ಟುಗಳನ್ನು ಓದಿ ಇಸಿಯು ಪೆಟ್ರೋಲ್ ಎಷ್ಟು, ಕಿಡಿ ಯಾವಾಗ ಎಂದು ತೀರ್ಮಾನಿಸುತ್ತದೆ. ಯಾವುದಾದರೂ ಸೆನ್ಸರಿನ ವೋಲ್ಟ್ ಇರಬೇಕಾದ ಮಿತಿ ದಾಟಿದರೆ ಹಳದಿ ದೀಪ ಹತ್ತಿಸಿ ಒಂದು ಕೋಡನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ.

ಕೋಡ್ ಓದುವುದು ಕಷ್ಟದ ಕೆಲಸವೇನಲ್ಲ. ಹೋಂಡಾ ಗಾಡಿಗಳಲ್ಲಿ ಸರ್ವಿಸ್ ಕಪ್ಲರಿನ ಎರಡು ಪಿನ್ ಜೋಡಿಸಿದರೆ ದೀಪವೇ ಮಿನುಗಿ ಹೇಳುತ್ತದೆ: ಉದ್ದ ಮಿನುಗು ಹತ್ತು, ಗಿಡ್ಡ ಮಿನುಗು ಒಂದು. ಎರಡು ಉದ್ದ, ಒಂದು ಗಿಡ್ಡ ಬಂದರೆ 21, ಅಂದರೆ ಆಕ್ಸಿಜನ್ ಸೆನ್ಸರಿನ ಸರ್ಕ್ಯೂಟ್. ಎಂಟು ಗಿಡ್ಡ ಬಂದರೆ ತ್ರಾಟಲ್ ಸೆನ್ಸರ್. 2023ರ ಏಪ್ರಿಲ್‌ನಿಂದ ಬಂದ ಗಾಡಿಗಳಲ್ಲಿ ತಪಾಸಣೆಯ ವ್ಯವಸ್ಥೆ ಇನ್ನಷ್ಟು ಬಿಗಿಯಾಗಿದೆ. ಹ್ಯಾಂಡ್ ಸ್ಕ್ಯಾನರ್ ಹಾಕಿದರೆ ಪಿ0335, ಪಿ0122 ಎಂಬಂಥ ಅಂಕಿಗಳು ಪರದೆಯ ಮೇಲೆ ಬರುತ್ತವೆ.

ಹಣ ವ್ಯರ್ಥವಾಗುವುದು ಇಲ್ಲಿಂದ ಮುಂದೆ. ಪಿ0335 ಎಂದರೆ ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟಿನಲ್ಲಿ ತೊಂದರೆ ಎಂದರ್ಥ. ಸೆನ್ಸರ್, ಕಪ್ಲರ್, ಎರಡು ವೈರ್, ಅರ್ಥ್, ಕೊನೆಗೆ ಇಸಿಯು, ಇಷ್ಟೂ ಸೇರಿ ಆ ಸರ್ಕ್ಯೂಟ್. ಕೋಡ್ ಬೀದಿಯ ಹೆಸರು ಹೇಳುತ್ತದೆ, ಮನೆ ನಂಬರ್ ಹೇಳುವುದಿಲ್ಲ. ‘ಸೆನ್ಸರ್ ಹೋಗಿದೆ, ಬದಲಾಯಿಸಬೇಕು’ ಎಂದು ಕೋಡ್ ನೋಡಿದ ಕ್ಷಣದಲ್ಲೇ ಹೇಳುವವರು ಕೆಲವೊಮ್ಮೆ ಸರಿಯಾಗಿಯೂ ಇರಬಹುದು. ಆದರೆ ಹೊಸ ಸೆನ್ಸರ್ ಹಾಕಿ ವಾರ ಕಳೆಯುವಷ್ಟರಲ್ಲಿ ದೀಪ ಮತ್ತೆ ಹತ್ತಿತೆಂದರೆ ಗಿರಾಕಿಯ ದುಡ್ಡೂ ಹೋಯಿತು, ಗ್ಯಾರೇಜಿನ ಮೇಲಿನ ನಂಬಿಕೆಯೂ ಹೋಯಿತು. ಒಳ್ಳೆಯ ಮೆಕ್ಯಾನಿಕ್ ಕೋಡ್ ಓದಿದ ಮೇಲೆ ಕೈಗೆತ್ತಿಕೊಳ್ಳುವುದು ಮಲ್ಟಿಮೀಟರನ್ನು.

ಮೊದಲು ಬ್ಯಾಟರಿ. ಎಂಜಿನ್ ಓಡುವಾಗ ಸುಮಾರು ಹದಿಮೂರೂವರೆಯಿಂದ ಹದಿನಾಲ್ಕೂವರೆ ವೋಲ್ಟ್ ಬರುತ್ತಿರಬೇಕು. ಇದು ಸರಿಯಿಲ್ಲದಿದ್ದರೆ ಮುಂದಿನ ಯಾವ ಅಳತೆಯನ್ನೂ ನಂಬುವಂತಿಲ್ಲ. ಆಮೇಲೆ ಅರ್ಥ್. ಸೆನ್ಸರಿನ ಅರ್ಥ್ ಪಿನ್ನಿಗೂ ಬ್ಯಾಟರಿಯ ನೆಗೆಟಿವ್ವಿಗೂ ನಡುವೆ ಸೆಲ್ಫ್ ಹೊಡೆಯುವಾಗ ಅಳೆದರೆ 0.1 ವೋಲ್ಟಿನೊಳಗೆ ಇರಬೇಕು. ಅದಕ್ಕಿಂತ ಹೆಚ್ಚು ಬಂತೆಂದರೆ ಎಲ್ಲೋ ಬೋಲ್ಟ್ ಸಡಿಲವಾಗಿದೆ, ಇಲ್ಲವೇ ಕಿಲುಬು ಹಿಡಿದಿದೆ. ನನ್ನನ್ನು ಕೇಳಿದರೆ, ನಮ್ಮ ಗ್ಯಾರೇಜುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಬಳಕೆಯಾಗುವ, ಎಲ್ಲಕ್ಕಿಂತ ಹೆಚ್ಚು ದುಡ್ಡು ಉಳಿಸುವ ಪರೀಕ್ಷೆ ಇದೇ.

ಮೂರನೆಯದು ಐದು ವೋಲ್ಟಿನ ಲೆಕ್ಕ. ತ್ರಾಟಲ್, ಮ್ಯಾಪ್ ಮುಂತಾದ ಸೆನ್ಸರುಗಳಿಗೆ ಇಸಿಯು ಐದು ವೋಲ್ಟ್ ಕೊಡುತ್ತದೆ, ಅನೇಕ ಗಾಡಿಗಳಲ್ಲಿ ಒಂದೇ ಸಾಲಿನಿಂದ. ಒಂದು ಸೆನ್ಸರ್ ಒಳಗೆ ಶಾರ್ಟ್ ಆದರೆ ಸಾಲು ಪೂರ್ತಿ ಕುಸಿಯುತ್ತದೆ, ಮೂರು ನಾಲ್ಕು ಕೋಡುಗಳು ಒಟ್ಟಿಗೇ ಬರುತ್ತವೆ. ನೋಡಿದವರಿಗೆ ಎಲ್ಲ ಸೆನ್ಸರುಗಳೂ ಒಂದೇ ದಿನ ಸತ್ತಂತೆ ಕಾಣುತ್ತದೆ. ಒಂದೊಂದೇ ಕಪ್ಲರ್ ಕಳಚುತ್ತ ಮೀಟರ್ ನೋಡುತ್ತಿದ್ದರೆ, ಯಾವುದನ್ನು ಕಳಚಿದಾಗ ಐದು ವೋಲ್ಟ್ ಮರಳಿ ಬಂತೋ ಅದೇ ತಪ್ಪಿತಸ್ಥ. ಬಹುಕೋಡಿನ ಗಾಡಿಗೆ ಇಷ್ಟು ಸರಳವಾದ ಉತ್ತರವಿದೆ ಎಂಬುದು ನನಗೆ ಈಗಲೂ ಖುಷಿ ಕೊಡುವ ಸಂಗತಿ.

ತ್ರಾಟಲ್ ಸೆನ್ಸರನ್ನು ಪರೀಕ್ಷಿಸುವುದು ಕೈಯ ಹದದ ಮೇಲೆ ನಿಂತಿದೆ. ಆಕ್ಸಿಲರೇಟರ್ ಬಿಟ್ಟಾಗ ಸಿಗ್ನಲ್ ವೈರಿನಲ್ಲಿ 0.5 ವೋಲ್ಟಿನ ಆಸುಪಾಸು, ಪೂರ್ತಿ ತಿರುಗಿಸಿದಾಗ 4 ವೋಲ್ಟ್ ದಾಟುವುದು ಸಾಮಾನ್ಯ. ಎರಡು ತುದಿ ಸರಿಯಿದ್ದ ಮಾತ್ರಕ್ಕೆ ಸೆನ್ಸರ್ ಸರಿಯಿದೆ ಎನ್ನುವಂತಿಲ್ಲ. ಪೇಟೆಯ ಟ್ರಾಫಿಕ್ಕಿನಲ್ಲಿ ಓಡುವ ಗಾಡಿಯ ಸೆನ್ಸರ್ ಒಳಗಿನ ಪಟ್ಟಿ ಸವೆಯುವುದು ಸ್ವಲ್ಪವೇ ತೆರೆದ ಜಾಗದಲ್ಲಿ. ಹಾಗಾಗಿ ಬಹಳ ನಿಧಾನವಾಗಿ ತಿರುಗಿಸುತ್ತ ವೋಲ್ಟ್ ಎಲ್ಲಾದರೂ ತಟಕ್ಕನೆ ಬಿದ್ದು ಏಳುತ್ತದೆಯೇ ಎಂದು ನೋಡಬೇಕು. ಸಿಗ್ನಲ್ಲಿನಲ್ಲಿ ಹೊರಡುವಾಗ ಗಾಡಿ ಮುಗ್ಗರಿಸುತ್ತದೆ, ಹೈವೇಯಲ್ಲಿ ಏನೂ ತೊಂದರೆಯಿಲ್ಲ ಎಂಬ ದೂರಿಗೆ ಕಾರಣ ಎಷ್ಟೋ ಸಲ ಇದೇ.

ಮ್ಯಾಪ್ ಸೆನ್ಸರಿಗೆ ನಮ್ಮ ನಾಡಿನ ನೆಲವೇ ಪರೀಕ್ಷಾ ಸಾಧನ. ಕೀ ಹಾಕಿ, ಎಂಜಿನ್ ಸ್ಟಾರ್ಟ್ ಮಾಡದೆ ಸ್ಕ್ಯಾನರ್ ನೋಡಿದರೆ ಆ ಸೆನ್ಸರ್ ಊರಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಕಡಲ ಮಟ್ಟದ ಮಂಗಳೂರಿನಲ್ಲಿ ಸುಮಾರು 101 ಕಿಲೋಪ್ಯಾಸ್ಕಲ್. ಒಂಬೈನೂರು ಮೀಟರಿಗಿಂತ ಎತ್ತರದ ಬೆಂಗಳೂರಿನಲ್ಲಿ 91ರ ಹತ್ತಿರ. 1,900 ಮೀಟರ್ ದಾಟಿದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ 80ರ ಆಸುಪಾಸು. ಬೆಂಗಳೂರಿನಲ್ಲಿ ನಿಂತ ಗಾಡಿ 101 ತೋರಿಸಿದರೆ ದೀಪ ಹತ್ತದಿದ್ದರೂ ಅನುಮಾನ ಪಡಬೇಕು. ಸೆನ್ಸರ್ ಮಿತಿಯೊಳಗೇ ಇದೆ, ಆದರೆ ತಪ್ಪು ಹೇಳುತ್ತಿದೆ, ಎಂಜಿನ್ನಿಗೆ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಹೋಗುತ್ತಿದೆ. ಇಂಥ ತಪ್ಪನ್ನು ಇಸಿಯು ಹಿಡಿಯಲಾರದು.

ಉಷ್ಣತೆಯ ಸೆನ್ಸರುಗಳ ಪರೀಕ್ಷೆಗೆ ಬೆಳಗಿನ ಹೊತ್ತೇ ಸರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎಂಜಿನ್ನಿನ ಉಷ್ಣತೆ, ಒಳಗಾಳಿಯ ಉಷ್ಣತೆ ಎರಡೂ ಒಂದೇ ಇರಬೇಕು, ಹೊರಗಿನ ಹವೆಗೂ ಹೊಂದಬೇಕು. ಒಂದು 24, ಇನ್ನೊಂದು 55 ತೋರಿಸಿದರೆ ಕಳ್ಳ ಸಿಕ್ಕಂತೆಯೇ. ಈ ಸೆನ್ಸರಿಗೆ ಎರಡೇ ವೈರ್. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ: ಹಲವು ಗಾಡಿಗಳಲ್ಲಿ 20 ಡಿಗ್ರಿಗೆ ಎರಡು ಸಾವಿರ ಓಮ್‌ಗಿಂತ ಮೇಲಿದ್ದದ್ದು 80 ಡಿಗ್ರಿಗೆ ಮುನ್ನೂರು ಚಿಲ್ಲರೆಗೆ ಬರುತ್ತದೆ. ಕಪ್ಲರ್ ಕಳಚಿದರೆ ಸ್ಕ್ಯಾನರ್ ಮೈನಸ್ 40ರಂತಹ ಅಸಾಧ್ಯದ ಚಳಿ ತೋರಿಸಬೇಕು. ವೈರಿಂಗ್ ಕಡೆಯ ಎರಡು ಪಿನ್ ಸೇರಿಸಿದರೆ ಅಷ್ಟೇ ಅಸಾಧ್ಯದ ಬಿಸಿ. ಎರಡೂ ಬಂದರೆ ವೈರೂ ಇಸಿಯುವೂ ಸರಿಯಿವೆ, ಸೆನ್ಸರ್ ಬದಲಾಯಿಸಲು ಅಡ್ಡಿಯಿಲ್ಲ. ಒಂದು ತುಂಡು ವೈರ್, ಎರಡು ನಿಮಿಷ, ಇಷ್ಟರಲ್ಲಿ ತೀರ್ಪು ಸಿಗುತ್ತದೆ.

ಬಿಸಿಯಾದರೆ ನಿಲ್ಲುವ ಗಾಡಿಯ ವಿಷಯಕ್ಕೆ ಬರೋಣ, ಏಕೆಂದರೆ ಈ ಕಸುಬಿನ ತಾಳ್ಮೆ ಪೂರ್ತಿ ಕಾಣುವುದು ಅಲ್ಲಿ. ಬೇರೆ ಸೆನ್ಸರ್ ಕೆಟ್ಟರೆ ಇಸಿಯು ಒಂದು ಅಂದಾಜಿನ ಅಂಕಿ ಹಿಡಿದು ಗಾಡಿಯನ್ನು ಮನೆ ಮುಟ್ಟಿಸುತ್ತದೆ. ಪಲ್ಸರ್ ಕಾಯಿಲಿಗೆ ಹಾಗೆ ಬದಲಿ ಇಲ್ಲ. ಮ್ಯಾಗ್ನೆಟ್ಟಿನ ಸುತ್ತಲಿನ ಉಬ್ಬುಗಳು ಕಾಯಿಲಿನ ಮುಂದೆ ಹಾಯುವಾಗ ಅದರಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ. ಅನೇಕ ಎಂಜಿನ್‌ಗಳಲ್ಲಿ ಒಂದು ಉಬ್ಬಿನ ಜಾಗವನ್ನು ಬೇಕೆಂದೇ ಖಾಲಿ ಬಿಟ್ಟಿರುತ್ತಾರೆ. ಆ ಖಾಲಿ ಜಾಗ ಹಾದುಹೋದಾಗ ಪಿಸ್ಟನ್ ಎಲ್ಲಿದೆ ಎಂದು ಇಸಿಯುಗೆ ತಿಳಿಯುತ್ತದೆ. ಆ ಮಿಡಿತ ನಿಂತರೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಕಾಯಿಲಿನ ಸಣ್ಣ ತಂತಿ ಒಳಗೆ ಬಿರುಕು ಬಿಟ್ಟಿದ್ದರೆ ತಣ್ಣಗಿರುವಾಗ ತುದಿಗಳು ತಾಗಿಕೊಂಡಿರುತ್ತವೆ, ಬಿಸಿಗೆ ಹಿಗ್ಗಿದಾಗ ಬೇರೆಯಾಗುತ್ತವೆ. ಟೀ ಮುಗಿಯುವ ಹೊತ್ತಿಗೆ ಮತ್ತೆ ಕೂಡುತ್ತವೆ.

ಇದನ್ನು ಹಿಡಿಯಬೇಕಾದರೆ ಗಾಡಿ ನಿಂತ ಹೊತ್ತಿನಲ್ಲೇ ಅಳೆಯಬೇಕು. ಅದಕ್ಕೇ ಅನುಭವಿ ಮೆಕ್ಯಾನಿಕ್ ಮೀಟರನ್ನು ಜೇಬಿನಲ್ಲಿಟ್ಟುಕೊಂಡು ರೌಂಡ್ ಹೊಡೆಯುತ್ತಾನೆ. ಎಂಜಿನ್ ನಿಂತ ಕೂಡಲೇ ಸೆಲ್ಫ್ ಹೊಡೆದು ಸ್ಕ್ಯಾನರಿನಲ್ಲಿ ಆರ್‌ಪಿಎಂ ನೋಡಬೇಕು. ಎಂಜಿನ್ ತಿರುಗುತ್ತಿದ್ದರೂ ಸೊನ್ನೆ ತೋರಿಸಿದರೆ ಮಿಡಿತ ಇಸಿಯು ಮುಟ್ಟುತ್ತಿಲ್ಲ. ಆಗ ಕಪ್ಲರ್ ಕಳಚಿ ಕಾಯಿಲಿನ ರೆಸಿಸ್ಟೆನ್ಸ್ ಅಳೆಯಬೇಕು. ಇಲ್ಲೊಂದು ಎಚ್ಚರಿಕೆ ಅಗತ್ಯ. ತಾಮ್ರದ ತಂತಿಯ ರೆಸಿಸ್ಟೆನ್ಸ್ ಬಿಸಿಗೆ ಏರುವುದು ಸಹಜ. 30 ಡಿಗ್ರಿಯಲ್ಲಿ 200 ಓಮ್ ಇದ್ದ ಕಾಯಿಲ್ 100 ಡಿಗ್ರಿಯಲ್ಲಿ 255ರಷ್ಟು ತೋರಿಸಿದರೆ ಅದು ಆರೋಗ್ಯವಾಗಿಯೇ ಇದೆ. ಮೀಟರ್ ‘ಓಪನ್’ ಎಂದರೆ ಕಾಯಿಲ್ ಹೋಗಿದೆ. ಈ ವ್ಯತ್ಯಾಸ ತಿಳಿಯದೆ ಒಳ್ಳೆಯ ಕಾಯಿಲ್ ಬಿಚ್ಚಿ ಎಸೆದರೆ ಮ್ಯಾಗ್ನೆಟ್ ಕವರ್, ಪ್ಯಾಕಿಂಗ್, ಆಯಿಲ್ ಎಲ್ಲದರ ಖರ್ಚೂ ಗಿರಾಕಿಯ ತಲೆಗೆ ಬರುತ್ತದೆ. ಮೂರು ವೈರಿನ ಹಾಲ್ ಸೆನ್ಸರ್ ಇರುವ ಗಾಡಿಯಲ್ಲಿ ಓಮ್ ಅಳತೆಗೆ ಅರ್ಥವೇ ಇಲ್ಲ, ಅಲ್ಲಿ ಸಪ್ಲೈ ಮತ್ತು ಸಿಗ್ನಲ್ ನೋಡಬೇಕು.

ಸೆನ್ಸರ್ ಚೆನ್ನಾಗಿದ್ದೂ ಕೋಡ್ ಬರಲು ನಮ್ಮ ಕಡೆ ಕಾರಣಗಳಿಗೆ ಬರವಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕಪ್ಲರಿನೊಳಗೆ ನೀರು ಸೇರಿ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಕಾರವಾರ, ಉಡುಪಿಯ ಕಡೆ ಉಪ್ಪುಗಾಳಿ ಅದೇ ಕೆಲಸ ಮಾಡುತ್ತದೆ. ವಾಟರ್ ಸರ್ವಿಸಿನಲ್ಲಿ ಸೀಟಿನ ಕೆಳಗೆ ನೇರವಾಗಿ ಪೈಪ್ ಹಿಡಿಯುವುದು ಇನ್ನೊಂದು. ಕೊಟ್ಟಿಗೆಯ ಪಕ್ಕ ನಿಂತ ಗಾಡಿಯ ವೈರನ್ನು ಇಲಿ ಕಡಿಯುತ್ತದೆ. ಹ್ಯಾಂಡಲ್ ತಿರುಗುವ ಜಾಗದಲ್ಲಿ ವೈರ್ ಮಡಿಸಿ ಮಡಿಸಿ ಒಳಗೇ ತುಂಡಾಗುತ್ತದೆ, ಮೇಲಿನ ಪ್ಲಾಸ್ಟಿಕ್ ಮಾತ್ರ ಹಾಗೇ ಇರುತ್ತದೆ. ಫಾಗ್ ಲ್ಯಾಂಪ್ ಹಾಕಲು ಎಲ್ಲಿಂದಲೋ ಜಾಯಿಂಟ್ ಹೊಡೆದದ್ದಂತೂ ದೊಡ್ಡ ಕಾಟ. ಆದ್ದರಿಂದ ಎಂಜಿನ್ ಓಡುತ್ತಿರುವಾಗಲೇ ವೈರಿಂಗನ್ನು ಮೆಲ್ಲಗೆ ಅಲ್ಲಾಡಿಸುತ್ತ, ಹ್ಯಾಂಡಲ್ ಅತ್ತಿತ್ತ ತಿರುಗಿಸುತ್ತ ಸ್ಕ್ಯಾನರ್ ಮೇಲೆ ಕಣ್ಣಿಡುವುದು ರೂಢಿ.

ಆಕ್ಸಿಜನ್ ಸೆನ್ಸರಿನ ಮೇಲೆ ಸುಮ್ಮನೆ ಆರೋಪ ಹೊರಿಸುವುದೂ ಹೆಚ್ಚು. ಸುಮಾರು ಮುನ್ನೂರು ಡಿಗ್ರಿ ಬಿಸಿಯಾದ ಮೇಲೆ ಅದು ಕೆಲಸಕ್ಕಿಳಿಯುತ್ತದೆ. ಸಾಮಾನ್ಯ ಬಗೆಯದಾದರೆ ಅದರ ವೋಲ್ಟ್ 0.1ರಿಂದ 0.9ರ ನಡುವೆ ಸತತವಾಗಿ ಏರಿಳಿಯುತ್ತಿರಬೇಕು. ಸೈಲೆನ್ಸರ್ ಬೆಂಡಿನ ಪ್ಯಾಕಿಂಗ್ ಸೋರಿದರೆ ಹೊರಗಿನ ಗಾಳಿ ಒಳಸೇರಿ ‘ಪೆಟ್ರೋಲ್ ಸಾಲದು’ ಎಂದೇ ಅದು ವರದಿ ಕೊಡುತ್ತದೆ. ಇಸಿಯು ಪೆಟ್ರೋಲ್ ಹೆಚ್ಚಿಸುತ್ತ ಹೋಗುತ್ತದೆ, ಮೈಲೇಜ್ ಬೀಳುತ್ತದೆ. ಇಲ್ಲಿ ಬದಲಾಯಿಸಬೇಕಾದ್ದು ಪ್ಯಾಕಿಂಗನ್ನು. ಬಂಕುಗಳಲ್ಲಿ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ಈ ಸೆನ್ಸರಿನ ಹೊಣೆ ಇನ್ನೂ ಹೆಚ್ಚಿದೆ. ಬರೀ ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಹದಿಮೂರೂವರೆಯಷ್ಟು ಸಾಕು. ಆ ಹೊಂದಾಣಿಕೆ ಇಸಿಯುಗೆ ಸಾಧ್ಯವಾಗುವುದು ಈ ಸೆನ್ಸರ್ ಕೊಡುವ ಸುಳಿವಿನಿಂದ.

ಈ ವಿದ್ಯೆ ಕಲಿಯುವುದು ಎಲ್ಲಿ? ಐಟಿಐಗಳಿವೆ. ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಊಟ ವಸತಿ ಸಹಿತ ಉಚಿತವಾಗಿ ನಡೆಸುವ ತರಬೇತಿಗಳಲ್ಲಿ ದ್ವಿಚಕ್ರ ವಾಹನ ದುರಸ್ತಿಯೂ ಒಂದು. ಅದೇ ಮಾದರಿಯ ಸಂಸ್ಥೆಗಳು ಈಗ ಜಿಲ್ಲೆ ಜಿಲ್ಲೆಯಲ್ಲಿವೆ. ಆದರೂ ಬಹಳಷ್ಟು ಹುಡುಗರು ಕಲಿಯುವುದು ಗ್ಯಾರೇಜಿನಲ್ಲೇ, ಉಸ್ತಾದನ ಪಕ್ಕದಲ್ಲಿ ಸ್ಪ್ಯಾನರ್ ಎತ್ತಿಕೊಡುತ್ತ. ಅವರಿಗಿರುವ ದೊಡ್ಡ ಅಡ್ಡಿ ಮಾಹಿತಿಯದು. ವೈರಿಂಗ್ ನಕ್ಷೆಯೂ ಸರ್ವಿಸ್ ಮ್ಯಾನ್ಯುಯಲ್ಲೂ ಕಂಪನಿಯ ಜಾಲದೊಳಗೇ ಉಳಿಯುತ್ತವೆ, ಸಿಕ್ಕರೂ ಇಂಗ್ಲಿಷಿನಲ್ಲಿರುತ್ತವೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಸಮಿತಿ ರಚಿಸಿ, ಅದೇ ಡಿಸೆಂಬರಿನಲ್ಲಿ ಪೋರ್ಟಲ್ ತೆರೆದಾಗ ವಾಹನಗಳನ್ನೂ ಅದರಲ್ಲಿ ಸೇರಿಸಿತು. ನಮ್ಮ ಗ್ಯಾರೇಜುಗಳಿಗೆ ಬೇಕಾದದ್ದು ದಪ್ಪ ಪುಸ್ತಕವಲ್ಲ. ಪ್ರತಿ ಮಾಡೆಲಿಗೆ ಒಂದು ಹಾಳೆ: ಯಾವ ಸೆನ್ಸರಿಗೆ ಯಾವ ಬಣ್ಣದ ವೈರ್, ಇಸಿಯುವಿನ ಎಷ್ಟನೇ ಪಿನ್, ಅಲ್ಲಿ ಇರಬೇಕಾದ ವೋಲ್ಟ್ ಮತ್ತು ಓಮ್ ಎಷ್ಟು. ಅದು ಕನ್ನಡದಲ್ಲಿರಬೇಕು. ಗಾಡಿ ಮಾರುವ ಕಂಪನಿಗಳು ಅದನ್ನು ಅಚ್ಚು ಹಾಕಿಸಿ ಬಿಡಿಭಾಗದ ಅಂಗಡಿಗಳಲ್ಲೇ ಕೊಡಬಹುದು.