ಸಾಲಿನ ಕೊನೆಯ ಯೆಜ್ಡಿ

ಭಾನುವಾರ ಬೆಳಗಿನ ಆರೂವರೆಗೆ ಮಾಗಡಿ ರಸ್ತೆಯಲ್ಲಿ ಜಾವಾ, ಯೆಜ್ಡಿಗಳ ಸಾಲು ಸುಂಕದಕಟ್ಟೆ ದಾಟುವಾಗ ಕಟ್ಟಕಡೆಯ ಗಾಡಿ ಮೇಸ್ತ್ರಿಯದು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಹಳೇ ಬೈಕಿನ ಹುಚ್ಚಿನವರು ಅವರನ್ನು ಕರೆಯುವುದೇ ಹಾಗೆ. ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಗಳ ನಡುವೆ ಅವರ ಗ್ಯಾರೇಜು. ಗುಂಪು ಸವಾರಿಯಲ್ಲಿ ಮುಂದೆ ದಾರಿ ತೋರುವವರು ಲೀಡ್, ಹಿಂದಿನಿಂದ ಎಲ್ಲರನ್ನೂ ಕಾಯುತ್ತಾ ಬರುವವರು ಸ್ವೀಪ್. ಲೀಡ್ ವಾರಕ್ಕೊಬ್ಬರು ಬದಲಾಗುತ್ತಾರೆ. ಸ್ವೀಪ್ ಮಾತ್ರ ಬದಲಾಗುವುದಿಲ್ಲ.

ಅವರ ಯೆಜ್ಡಿಯ ಪಕ್ಕದ ಡಬ್ಬಿಯಲ್ಲಿ ಪ್ಲಗ್ಗು, ಪಾಯಿಂಟ್ ಸೆಟ್, ಕ್ಲಚ್ ಕೇಬಲ್, ಚೈನ್ ಲಾಕ್, ಬೈಂಡಿಂಗ್ ವೈರು, ಒಂದು ತುಂಡು ಎಮರಿ ಪೇಪರ್. ಇಷ್ಟರಲ್ಲಿ ರಿಪೇರಿಯಾಗದ್ದು ರಸ್ತೆ ಬದಿಯಲ್ಲಿ ರಿಪೇರಿಯಾಗುವಂಥದ್ದಲ್ಲ ಎಂಬುದು ಅವರ ಲೆಕ್ಕ. ತಾವರೆಕೆರೆಗೂ ಮುಂಚೆ ಒಂದು ಗಾಡಿ ಮುಗ್ಗರಿಸತೊಡಗಿತು. ಮೇಸ್ತ್ರಿ ಎಂಜಿನ್ನಿಗೆ ಕೈ ಹಾಕಲೇ ಇಲ್ಲ. ಪ್ಲಗ್ ಬಿಚ್ಚಿಸಿ, ಬೆಳಕಿಗೆ ಹಿಡಿದು ನೋಡಿದರು. ಪ್ಲಗ್ಗಿನ ತುದಿ ಕಾಫಿಪುಡಿ ಬಣ್ಣಕ್ಕಿದ್ದರೆ ಎಂಜಿನ್ ಆರೋಗ್ಯವಾಗಿದೆ. ಕಪ್ಪಗೆ ಒದ್ದೆಯಾಗಿದ್ದರೆ ಆಯಿಲ್ ಜಾಸ್ತಿ. ಬೆಳ್ಳಗೆ ಸುಟ್ಟಂತಿದ್ದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಹಾಗೇ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಟೂ-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು, ಲೀಟರಿಗೆ ಸುಮಾರು 40 ಮಿ.ಲೀ. ಈ ಗಾಡಿಯವರು ಪ್ರೀತಿ ಹೆಚ್ಚಾಗಿ ಇನ್ನಷ್ಟು ಸುರಿದಿದ್ದರು. ಎಮರಿ ಪೇಪರಿನಿಂದ ಉಜ್ಜಿ ಪ್ಲಗ್ ಹಾಕಿದ್ದೇ ಗಾಡಿ ಮತ್ತೆ ಹೊರಟಿತು. ಬೈಗುಳ ಬಿದ್ದದ್ದು ಆಮೇಲೆ, ಇಡ್ಲಿ ತಿನ್ನುವಾಗ.

ಈ ಬೈಕಿನ ಇನ್ನೊಂದು ಚಮತ್ಕಾರ ಎಡಗಾಲಿನ ಹತ್ತಿರವಿದೆ. ಕಿಕ್ ರಾಡೂ ಗೇರ್ ರಾಡೂ ಒಂದೇ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್. ಎಂಜಿನ್ ಶುರುವಾದ ಮೇಲೆ ಮುಂದಕ್ಕೆ ಇಳಿಸಿದರೆ ಅದೇ ಗೇರು. ಹಳೆಯ ಜಾವಾಗಳಲ್ಲಿ ಆ ರಾಡನ್ನು ಕಾಲಿನಿಂದ ಒತ್ತಿದರೆ ಸಾಕು, ಒಳಗೆ ಕ್ಲಚ್ಚೂ ತಾನಾಗಿ ಬಿಡುತ್ತದೆ. ಕೈಯಲ್ಲಿ ಕ್ಲಚ್ ಹಿಡಿಯದೆಯೇ ಗೇರ್ ಬದಲಿಸಬಹುದು. ಕ್ಲಚ್ ಕೇಬಲ್ ತುಂಡಾದವರು ಅಷ್ಟರಲ್ಲೇ ಮನೆ ಸೇರಿದ ಕಥೆಗಳು ಗುಂಪಿನಲ್ಲಿ ಬೇಕಾದಷ್ಟಿವೆ.

ಇತಿಹಾಸ ಚಿಕ್ಕದಾಗಿ ಹೀಗಿದೆ. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ವಿಭಾಗವನ್ನು ಕೊಂಡು ಪ್ರಾಗ್‌ನಲ್ಲಿ ಜಾವಾ ಕಟ್ಟಿದರು. ರುಸ್ತುಂ ಮತ್ತು ಫಾರೂಕ್ ಇರಾನಿ ಅದನ್ನು ಮೈಸೂರಿಗೆ ತಂದರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಬೈಕುಗಳು ಹೊರಬಂದವು. 1973ರಿಂದ ಅವುಗಳಿಗೆ ಯೆಜ್ಡಿ ಎಂಬ ಹೆಸರು. ರೋಡ್‌ಕಿಂಗ್ ಬಂದದ್ದೂ ಆ ದಶಕದಲ್ಲೇ. ಎಂಬತ್ತರ ದಶಕದಲ್ಲಿ ಜಪಾನೀ ಸಹಯೋಗದ, ಮೈಲೇಜ್ ಕೊಡುವ 100 ಸಿಸಿ ಬೈಕುಗಳು ಬಂದವು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 2018ರಲ್ಲಿ ಜಾವಾ ಹೆಸರು ಮತ್ತೆ ಬಂತಾದರೂ ಅದು ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾಗುವ ಫೋರ್-ಸ್ಟ್ರೋಕ್ ಗಾಡಿ.

ಬೆಂಗಳೂರು ಜಾವಾ ಯೆಜ್ಡಿ ಮೋಟಾರ್‌ಸೈಕಲ್ ಕ್ಲಬ್ಬಿನಂಥ ದೊಡ್ಡ ಕೂಟಗಳಿವೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನವೆಂದು ಊರೂರಿನ ಸವಾರರು ಸೇರುತ್ತಾರೆ. ನಾನು ಹೇಳುತ್ತಿರುವುದು ಬ್ಯಾನರಿಲ್ಲದ ಪಡುವಣ ಬಡಾವಣೆಗಳ ಗುಂಪು. ಇವರ ದಾರಿ ಹೆಚ್ಚುಕಡಿಮೆ ಗೊತ್ತಾದದ್ದೇ: ತಾವರೆಕೆರೆ, ಮಾಗಡಿ, ಸಾವನದುರ್ಗದ ಬುಡ, ಮಂಚನಬೆಲೆ ಜಲಾಶಯ, ಕೇತೋಹಳ್ಳಿಯ ದೊಡ್ಡಾಲದಮರ, ಕೆಂಗೇರಿ. ವೇಗ ಅರವತ್ತು ದಾಟುವಂತಿಲ್ಲ, ಲೀಡನ್ನು ಯಾರೂ ಹಿಂದೆ ಹಾಕುವಂತಿಲ್ಲ. ತಿರುವು ಬಂದರೆ ಒಬ್ಬರು ಅಲ್ಲೇ ನಿಂತು ಸ್ವೀಪ್ ಬರುವವರೆಗೆ ಕಾಯಬೇಕು. ಸುಗ್ಗಿಯಲ್ಲಿ ಇನ್ನೊಂದು ಎಚ್ಚರಿಕೆ: ಮಾಗಡಿ ಸೀಮೆಯ ರೈತರು ಹುರುಳಿ, ರಾಗಿಯನ್ನು ಟಾರು ರಸ್ತೆಯ ಮೇಲೇ ಹರಡಿ, ವಾಹನಗಳಿಂದಲೇ ಒಕ್ಕಣೆ ಮಾಡಿಸುತ್ತಾರೆ. ಹುರುಳಿ ಸೊಪ್ಪಿನ ಮೇಲೆ ಬ್ರೇಕ್ ಹಿಡಿದವನು ಬಿದ್ದನೆಂದೇ ಅರ್ಥ. ಬಿಸಿ ಸೈಲೆನ್ಸರಿಗೆ ಒಣಹುಲ್ಲು ಸಿಕ್ಕಿಕೊಂಡರಂತೂ ಹೊತ್ತಿಕೊಳ್ಳುವ ಭಯ. ಗಾಡಿ ಇಳಿದು, ಕಣದ ಅಂಚಿನಲ್ಲಿ ತಳ್ಳಿಕೊಂಡೇ ಹೋಗಿ ಎಂಬುದು ಮೇಸ್ತ್ರಿಯ ಅಪ್ಪಣೆ.

ಸಂಕಷ್ಟಗಳು ಕಡಿಮೆಯೇನಿಲ್ಲ. ಹದಿನೈದು ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ಎಫ್‌ಸಿ, ಮೇಲೆ ಹಸಿರು ತೆರಿಗೆ. ಐವತ್ತು ವರ್ಷ ಮೀರಿದ್ದನ್ನು ವಿಂಟೇಜ್ ಎಂದು ನೋಂದಾಯಿಸಲು 2021ರ ನಿಯಮದಂತೆ ಇಪ್ಪತ್ತು ಸಾವಿರ ಶುಲ್ಕ. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ರಸ್ತೆಗಿಳಿಸುವಂತಿಲ್ಲ. 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ನಿಷೇಧ. ಆ ವೇಗದ ಕಾರುಗಳ ನಡುವೆ ಇದು ಸರಿಯಾದ ನಿರ್ಧಾರವೇ. ಆದರೂ ಮೈಸೂರಿನಲ್ಲಿ ಹುಟ್ಟಿದ ಗಾಡಿ ತನ್ನೂರಿಗೆ ಹೋಗಲು ಸರ್ವಿಸ್ ರಸ್ತೆಯೇ ಗತಿಯಾಯಿತಲ್ಲ ಎಂಬ ಕೊರಗು ಗುಂಪಿನವರಿಗಿದೆ. ಹೊಗೆಯ ವಿಷಯದಲ್ಲಿ ಇವರ ಪರ ವಾದಿಸಲು ನನಗೆ ಮನಸ್ಸಿಲ್ಲ. ಟೂ-ಸ್ಟ್ರೋಕ್ ಹೊಗೆ ಹೊಗೆಯೇ. ವಾರಕ್ಕೊಂದು ಬೆಳಗ್ಗೆ ಅಂತ ಕ್ಷಮಿಸಬಹುದಷ್ಟೆ.

ಇದಕ್ಕಿಂತ ದೊಡ್ಡ ಕೊರತೆ ಕೈಗಳದ್ದು. ಸಿಗದ ಭಾಗವನ್ನು ರಾಜಾಜಿನಗರ ಕೈಗಾರಿಕಾ ವಸಾಹತಿನಲ್ಲೋ ಕಾಮಾಕ್ಷಿಪಾಳ್ಯದಲ್ಲೋ ಲೇತ್‌ನಲ್ಲಿ ಮಾಡಿಸಿಕೊಳ್ಳಬಹುದು. ಪಾಯಿಂಟ್ ಗ್ಯಾಪ್ ಹೊಂದಿಸಿ, ಸದ್ದು ಕೇಳಿ ಟೈಮಿಂಗ್ ಸರಿಮಾಡುವ ಹುಡುಗರು ಸಿಗುವುದಿಲ್ಲ. ಮೇಸ್ತ್ರಿಯ ಗ್ಯಾರೇಜಿನಲ್ಲಿ ಕಲಿತವರು ಈಗ ಶೋರೂಮುಗಳಲ್ಲಿದ್ದಾರೆ. ಅಲ್ಲಿ ದೋಷ ಹೇಳುವುದು ಸ್ಕ್ಯಾನರು. ತಿಂಗಳ ಸಂಬಳ, ಪಿಎಫ್ ಇರುವ ಕೆಲಸ ಬಿಟ್ಟು ಬನ್ನಿ ಎನ್ನಲು ಮೇಸ್ತ್ರಿಗೂ ಬಾಯಿ ಬರುವುದಿಲ್ಲ.

ನಿಮ್ಮ ಮನೆಯ ಮೆಟ್ಟಿಲ ಕೆಳಗೆ ತಂದೆಯವರ ಕಾಲದ ಯೆಜ್ಡಿ ಟಾರ್ಪಾಲು ಹೊದ್ದು ನಿಂತಿದ್ದರೆ ಗುಜರಿಯವನಿಗೆ ಹಾಕುವ ಮುನ್ನ ಒಮ್ಮೆ ಮೇಸ್ತ್ರಿಯಂಥವರಿಗೆ ತೋರಿಸಿ. ಅದಕ್ಕೂ ಮೊದಲು ಬೀರುವಿನಲ್ಲಿ ಹಳೆಯ ಆರ್‌ಸಿ ಪುಸ್ತಕ ಹುಡುಕಿ ಜೋಪಾನವಾಗಿಡಿ. ಎಂಜಿನ್ನನ್ನು ಹೇಗಾದರೂ ಎಬ್ಬಿಸಬಹುದು, ಕಳೆದುಹೋದ ಕಾಗದಕ್ಕೆ ಆರ್‌ಟಿಒ ಅಲೆಯುವುದು ಕಷ್ಟ.