ಖಿನ್ನತೆ: ನಿಮ್ಮನ್ನು ಕುಗ್ಗಿಸೋದು ಬ್ರೇಕಪ್ಪಾ, ಸೋಲಾ?

ಇವತ್ತು ನಾನು ಎರಡು ಸ್ವಭಾವಗಳ ಬಗ್ಗೆ ಹೇಳ್ತೀನಿ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1983ರಲ್ಲಿ ಇವನ್ನು ವಿವರಿಸಿದರು. ಕೆಲವರಿಗೆ ಸಂಬಂಧವೇ ಉಸಿರು. ಮೆಸೇಜಿಗೆ ಉತ್ತರ ಬರದಿದ್ದರೆ ‘ನನ್ನನ್ನ ಬಿಟ್ಟೇಬಿಟ್ರಾ?’ ಅನ್ನೋ ಭಯ. ಇನ್ನು ಕೆಲವರಿಗೆ ಸಾಧನೆ, ಸ್ವಾತಂತ್ರ್ಯವೇ ಮುಖ್ಯ. ಒಂದು ಸಬ್ಜೆಕ್ಟ್ ಹೋದರೂ ‘ನಾನು ಯಾವುದಕ್ಕೂ ಲಾಯಕ್ಕಿಲ್ಲ’ ಅಂತ ತಮ್ಮನ್ನೇ ಬೈದುಕೊಳ್ತಾರೆ. ಮೊದಲನೆಯವರನ್ನು ಬ್ರೇಕಪ್, ಎರಡನೆಯವರನ್ನು ಸೋಲು ಹೆಚ್ಚು ಕುಗ್ಗಿಸುತ್ತೆ ಅನ್ನೋದು ಬೆಕ್ ವಾದ.

ಹಾಗಂತ ಖಿನ್ನತೆ ಬಂದೇ ಬರುತ್ತೆ ಅಂತಲ್ಲ; ನಮ್ಮಲ್ಲಿ ಎರಡೂ ಅಷ್ಟಿಷ್ಟು ಇರುತ್ತೆ. ಆದರೆ ನೋಡಿ, ಮೊದಲನೆಯವರು ಫೋನ್ ಮಾಡಿ ಅಳ್ತಾರೆ. ಎರಡನೆಯವರು ‘ಏನಿಲ್ಲ, ಆರಾಮಿದೀನಿ’ ಅಂತ ಬಾಗಿಲು ಹಾಕ್ಕೊಳ್ತಾರೆ. ಅಂಥ ಗೆಳೆಯರನ್ನು ನೀವಾಗಿಯೇ ವಿಚಾರಿಸಿ. ಎರಡು ವಾರವಾದರೂ ಬೇಸರ ಬಿಡದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.